ಗೂಗಲ್‌ನ ಹಿಪ್ ಹಾಪ್ ಡೂಡಲ್: ಮಕ್ಕಳ ಕೈಗೆ ಕೊಡುವ ಮುನ್ನ

ಗೂಗಲ್ ತನ್ನ ಮುಖಪುಟದಲ್ಲಿ 2017ರ ಆಗಸ್ಟ್ 11ರಂದು ಹಾಕಿದ ಹಿಪ್ ಹಾಪ್ ಡೂಡಲ್ (ಲೋಗೋ ಜಾಗದಲ್ಲಿ ಆಗಾಗ ಬರುವ ಚಿತ್ರ ಅಥವಾ ಆಟ) ಅದರ ಡೂಡಲ್ ಸಂಗ್ರಹದಲ್ಲಿ ಸೇರಿಕೊಂಡಿದೆ. ದುಡ್ಡು ಕೊಡಬೇಕಿಲ್ಲ, ಆ್ಯಪ್ ಇಳಿಸಿಕೊಳ್ಳಬೇಕಿಲ್ಲ. ಬ್ರೌಸರಿನಲ್ಲಿ ತೆರೆದು ಪ್ಲೇ ಒತ್ತಿದರೆ ಮುಗಿಯಿತು. ತೆರೆಯ ಮೇಲೆ ಎರಡು ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸುವ ಯಂತ್ರ, ನಡುವೆ ಎರಡರ ಸದ್ದನ್ನೂ ಬೆರೆಸುವ ಮಿಕ್ಸರ್, ಪಕ್ಕದಲ್ಲಿ ರೆಕಾರ್ಡುಗಳ ಪೆಟ್ಟಿಗೆ. ಹೆಸರಾಂತ ಗ್ರಾಫಿಟಿ (ಗೋಡೆಬರಹ) ಕಲಾವಿದ ಸೀ ಆಡಮ್ಸ್ ಬಿಡಿಸಿದ ಗೂಗಲ್ ಲೋಗೋ, ಒಂದು ಕಾಲದ ಎಂಟಿವಿ ರ‍್ಯಾಪ್ ಕಾರ್ಯಕ್ರಮದ ನಿರೂಪಕ ಫ್ಯಾಬ್ 5 ಫ್ರೆಡ್ಡಿಯ ದನಿ. ಮಕ್ಕಳಿಗೆ ಹಿಪ್ ಹಾಪ್‌ನ ಇತಿಹಾಸ ಹೇಳಲು ಏನಾದರೂ ಇದೆಯಾ ಎಂದು ಕೇಳುವ ಅಪ್ಪ-ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಉಳಿದ ಒಂದೂವರೆ ಎಲ್ಲಿ ಸೋರಿಹೋಯಿತು, ಅದನ್ನು ಮನೆಯಲ್ಲೇ ಹೇಗೆ ತುಂಬಿಕೊಳ್ಳಬಹುದು ಎಂಬುದೇ ಈ ಬರಹದ ಮುಖ್ಯ ಭಾಗ.

ಇದರ ದೊಡ್ಡ ಗುಣ, ಕಥೆಗಿಂತ ಮೊದಲು ಕೆಲಸ ಕೊಡುವುದು. ಹಿಪ್ ಹಾಪ್ ಅಂದರೆ ರ‍್ಯಾಪ್, ರ‍್ಯಾಪ್ ಅಂದರೆ ಟೋಪಿ ಉಲ್ಟಾ ಹಾಕಿಕೊಂಡು ಗಡಗಡ ಮಾತಾಡುವುದು ಎಂದು ಮಕ್ಕಳು ತಿಳಿದಿರುತ್ತಾರೆ. ಇಲ್ಲಿ ಮಾತಾಡುವವನಿಗಿಂತ ಮೊದಲು ರೆಕಾರ್ಡ್ ತಿರುಗಿಸುವವನು ಬರುತ್ತಾನೆ. ಇತಿಹಾಸದಲ್ಲೂ ಆದದ್ದು ಹಾಗೆಯೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ರಿಕ್ರಿಯೇಷನ್ ರೂಮಿನಲ್ಲಿ ನಡೆದ, ಹಿಪ್ ಹಾಪ್ ಹುಟ್ಟಿದ್ದು ಅಲ್ಲೇ ಎನ್ನುವ ಪಾರ್ಟಿಯ ನಾಯಕ ಡಿಜೆ, ಅಂದರೆ ರೆಕಾರ್ಡ್ ಹಾಕುವ ಕೂಲ್ ಹರ್ಕ್. ಮೈಕ್ ಹಿಡಿದ ಗೆಳೆಯ ಕೋಕ್ ಲಾ ರಾಕ್‌ನದು ಜನರನ್ನು ಹುರಿದುಂಬಿಸುವ ಕೆಲಸ. ಈ ಸರದಿ ಮಗುವಿನ ತಲೆಯಲ್ಲಿ ಸರಿಯಾಗಿ ಕೂತರೆ ಮುಂದಿನದೆಲ್ಲ ಸುಲಭ.

ಸಾಧನದ ಮಾತು ಮೊದಲು ಮುಗಿಸೋಣ, ಯಾಕೆಂದರೆ ಆಟ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬ್ಲೂಟೂತ್ ಸ್ಪೀಕರ್ ಬೇಡ. ಬೆರಳು ಆಡಿಸಿದ ಮೇಲೆ ಸದ್ದು ಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗುತ್ತದೆ. ಹಾಡು ಕೇಳುವಾಗ ಗೊತ್ತಾಗದ ಈ ತಡ ಸ್ಕ್ರ್ಯಾಚ್ ಮಾಡುವಾಗ, ಅಂದರೆ ರೆಕಾರ್ಡನ್ನು ಕೈಯಿಂದ ಹಿಂದೆ-ಮುಂದೆ ಆಡಿಸಿ ಸದ್ದು ಬರಿಸುವಾಗ, ಎದ್ದು ಕಾಣುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ವೈರ್ ಇರುವ ಇಯರ್‌ಫೋನ್ ಅಥವಾ ವೈರ್ ಇರುವ ಸ್ಪೀಕರ್ ಹಾಕಿ. ಬರೀ ಫೋನಿನ ಸ್ಪೀಕರೂ ಸಾಲದು. ಡ್ರಮ್ ಸೆಟ್ಟಿನ ಕಿಕ್, ಅಂದರೆ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್‌ನ ದಪ್ಪ ಸದ್ದನ್ನು ಅಷ್ಟು ಪುಟ್ಟ ಸ್ಪೀಕರ್ ಸರಿಯಾಗಿ ಹೊರಹಾಕುವುದಿಲ್ಲ. ಕಿಕ್ ಕೇಳಿಸದಿದ್ದರೆ ಎಣಿಕೆ ತಪ್ಪುತ್ತದೆ. ಐಫೋನ್, ಐಪ್ಯಾಡ್‌ಗಳಲ್ಲಿ ಸೈಲೆಂಟ್ ಮೋಡ್ ಆನ್ ಆಗಿದ್ದರೆ ಬ್ರೌಸರಿನ ಆಟಗಳಿಂದ ಸದ್ದೇ ಬರದಿರಬಹುದು, ಅದನ್ನೂ ನೋಡಿಕೊಳ್ಳಿ. ಇನ್ನು, ಮೌಸ್‌ನಿಂದ ಒಂದು ಸಲಕ್ಕೆ ಒಂದೇ ವಸ್ತುವನ್ನು ಹಿಡಿಯಬಹುದು. ರೆಕಾರ್ಡ್ ಹಿಡಿದರೆ ಫೇಡರ್, ಅಂದರೆ ಸದ್ದು ಏರಿಳಿಸುವ ಜಾರುಗುಂಡಿ, ಬಿಡಬೇಕು. ಡಿಜೆ ಕೆಲಸವೇ ಎರಡು ಕೈಯ ಕೆಲಸ. ಆದ್ದರಿಂದ ದೊಡ್ಡ ಟಚ್ ಸ್ಕ್ರೀನ್ ಇದ್ದರೆ ಅದರಲ್ಲೇ ಆಡಿಸುವುದು ಮೇಲು. ಲ್ಯಾಪ್‌ಟಾಪ್ ಮಾತ್ರ ಇದ್ದರೂ ನಡೆಯುತ್ತದೆ, ಆದರೆ ನಿಜವಾದ ಡಿಜೆಯ ಎಡಗೈ-ಬಲಗೈ ಪಾಲುದಾರಿಕೆಯನ್ನು ನೀವೇ ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ತೋರಿಸಬೇಕಾಗುತ್ತದೆ.

ಪ್ಲೇ ಒತ್ತಿದಾಗ ಬರುವ ಪರಿಚಯ ಇಂಗ್ಲಿಷಿನಲ್ಲಿದೆ, ಅದೂ ಅಮೆರಿಕದ ಬೀದಿಯ ಧಾಟಿಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಅಷ್ಟಾಗಿ ಹತ್ತುವುದಿಲ್ಲ. ನೀವು ಮುಂಚೆಯೇ ಒಂದು ಸಲ ಪೂರ್ತಿ ನೋಡಿಕೊಂಡು, ಮಗುವಿನ ಪಕ್ಕ ಕೂತಾಗ ಆಯಾ ಚಿತ್ರಕ್ಕೆ ಒಂದೊಂದು ವಾಕ್ಯ ಕನ್ನಡದಲ್ಲಿ ಹೇಳಿದರೆ ಸಾಕು. ಪೂರ್ತಿ ಭಾಷಾಂತರ ಮಾಡಲು ಹೋದರೆ ಮಗುವಿನ ಬೆರಳು ಆಗಲೇ ಮುಂದಿನ ಬಟನ್ ಮೇಲೆ ಇರುತ್ತದೆ.

ಮೊದಲ ಸಲ 20 ನಿಮಿಷಕ್ಕಿಂತ ಹೆಚ್ಚು ಬೇಡ. ಡ್ರಮ್ಸ್ ಎದ್ದು ಕೇಳುವ ಒಂದು ರೆಕಾರ್ಡ್ ಆರಿಸಿ, ಇನ್ನೊಂದರ ಸದ್ದನ್ನು ಪೂರ್ತಿ ಮುಚ್ಚಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಸಂಗೀತ ಕಲಿಯುವ ಮನೆಗಳಲ್ಲಿ ಇದಕ್ಕೆ ಒಳ್ಳೆಯ ಆಧಾರವಿದೆ: ಹಿಪ್ ಹಾಪ್‌ನ ಒಂದು ಬಾರ್ ನಾಲ್ಕು ಎಣಿಕೆ, ಎರಡು ಬಾರ್ ಸೇರಿದರೆ ಆದಿತಾಳದ ಒಂದು ಆವರ್ತನದಷ್ಟೇ, ಎಂಟು. ಆದರೆ ಇಲ್ಲೊಂದು ಎಡವಟ್ಟೂ ಇದೆ. ತಾಳ ಕಲಿತ ಮಗು ಅಭ್ಯಾಸಬಲದಿಂದ ಒಂದಕ್ಕೇ ಜೋರಾಗಿ ತಟ್ಟುತ್ತದೆ. ಈ ಸಂಗೀತದಲ್ಲಿ ಸ್ನೇರ್ ಡ್ರಮ್‌ನ ‘ಟಪ್’ ಬೀಳುವುದು ಎರಡು ಮತ್ತು ನಾಲ್ಕಕ್ಕೆ. ಅದಕ್ಕೇ ಕಾಲು ಒಂದು-ಮೂರಕ್ಕೆ, ಚಪ್ಪಾಳೆ ಎರಡು-ನಾಲ್ಕಕ್ಕೆ ಎಂದು ಮೈಯನ್ನು ಎರಡು ಪಾಲು ಮಾಡಿಸಿ. ಎದ್ದು ನಿಂತು ಮಾಡಿದರೆ ಬೇಗ ಬರುತ್ತದೆ, ಕೂತಲ್ಲೇ ಮಾಡಿದರೆ ತುಂಬ ಹೊತ್ತು ಹಿಡಿಯುತ್ತದೆ. ಇದು ಬರುವವರೆಗೆ ಎರಡನೇ ರೆಕಾರ್ಡ್ ಮುಟ್ಟಿಸಬೇಡಿ.

ಆಮೇಲೆ ಕ್ರಾಸ್‌ಫೇಡರ್. ಅದು ಎಡಕ್ಕಿದ್ದರೆ ಎಡ ರೆಕಾರ್ಡ್, ಬಲಕ್ಕಿದ್ದರೆ ಬಲ ರೆಕಾರ್ಡ್, ನಡುವೆ ಇದ್ದರೆ ಎರಡೂ ಕೇಳಿಸುತ್ತವೆ. ಮಕ್ಕಳು ಮೊದಲು ಇದನ್ನು ನಿಧಾನವಾಗಿ ಜಾರಿಸುತ್ತಾರೆ. ಆಗ ಎರಡು ಹಾಡೂ ಕಲಸಿಕೊಂಡು ಗಜಿಬಿಜಿ. ‘ಒಂದು’ ಬರುವ ಕ್ಷಣಕ್ಕೆ ಟಕ್ ಎಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಲು ಹೇಳಿ. ಸ್ಕ್ರ್ಯಾಚ್‌ನಲ್ಲಿ ಆಗುವ ತಪ್ಪು ಬೇರೆ ಬಗೆಯದು: ರೆಕಾರ್ಡನ್ನು ಬುಗುರಿಯಂತೆ ಸುತ್ತಿಸುತ್ತಲೇ ಇರುತ್ತಾರೆ. ಬರುವುದು ಬರೀ ಕಿರುಚಾಟ. ಗಡಿಯಾರದ 9ರಿಂದ 12ರ ನಡುವಿನಷ್ಟೇ ಜಾಗದಲ್ಲಿ ಕೈ ಮುಂದೆ-ಹಿಂದೆ ಹೋಗಬೇಕು, ಒಂದು ಎಣಿಕೆಗೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಫೇಡರ್ ಮುಟ್ಟುವುದು ಬೇಡ. ಡಿಜೆಗಳು ಕಲಿಯುವ ಮೊದಲ ಸ್ಕ್ರ್ಯಾಚ್ ಇದೇ, ಬೇಬಿ ಸ್ಕ್ರ್ಯಾಚ್. 1970ರ ದಶಕದ ನಡುವಿನಲ್ಲಿ ಇದನ್ನು ಮೊದಲು ಹೊರಗೆಡವಿದ ಹೆಗ್ಗಳಿಕೆ ಬ್ರಾಂಕ್ಸ್‌ನ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್‌ಗೆ ಸಲ್ಲುತ್ತದೆ. ಆಗ ಅವನಿನ್ನೂ ಮೀಸೆ ಮೂಡದ ಹುಡುಗ. ಜೋರು ಸದ್ದಿಗೆ ಅಮ್ಮ ಬೈಯಲು ಬಂದಾಗ ತಿರುಗುತ್ತಿದ್ದ ರೆಕಾರ್ಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ್ದ, ಆಗ ಬಂದ ಸದ್ದೇ ಮುಂದೆ ಕಲೆಯಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಮಕ್ಕಳು ಈ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಾರೆ.

ಈಗ ಕೊರತೆಗೆ ಬರೋಣ. ಡೂಡಲ್‌ನ ರೆಕಾರ್ಡುಗಳಲ್ಲಿ ಇರುವುದು ಹಳೆಯ ಹಾಡುಗಳಿಂದ ಕತ್ತರಿಸಿದ ತುಣುಕುಗಳು. ತುಣುಕು ಮುಗಿದ ಕೂಡಲೇ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಟಕ್ಕೆ ಇದು ಹಿತ. ಇತಿಹಾಸಕ್ಕೆ ಇದು ಮೋಸ. ಯಾಕೆಂದರೆ ಕೂಲ್ ಹರ್ಕ್ ಪರಿಹರಿಸಿದ ಸಮಸ್ಯೆಯೇ ಅದು. ಹಾಡಿನ ನಡುವೆ ಹಾಡುಗಾರ, ಗಿಟಾರು, ತುತ್ತೂರಿ ಎಲ್ಲ ಸುಮ್ಮನಾಗಿ ಡ್ರಮ್ಸ್ ಮಾತ್ರ ಉಳಿಯುವ ಕೆಲವೇ ಸೆಕೆಂಡು, ಅದೇ ಬ್ರೇಕ್. ಕುಣಿಯುವವರು ಕಾಯುತ್ತಿದ್ದದ್ದು ಆ ಹೊತ್ತಿಗೆ. ಅದು ಬಂದಷ್ಟೇ ಬೇಗ ಮುಗಿದುಹೋಗುತ್ತಿತ್ತು. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು ಮಾಡಿ, ಮೊದಲನೆಯದನ್ನು ಹಿಂದಕ್ಕೆ ತಂದು ಮತ್ತೆ ಅದಕ್ಕೆ ಬರುವುದು: ಈ ತಿರುಗಣೆಗೆ ಹರ್ಕ್ ಕೊಟ್ಟ ಹೆಸರು ಮೆರ‍್ರಿ-ಗೋ-ರೌಂಡ್. ಡೂಡಲ್‌ನಲ್ಲಿ ಕಂಪ್ಯೂಟರೇ ಆ ಕೆಲಸ ಮಾಡಿಬಿಡುತ್ತದೆ. ಮಗುವಿಗೆ ಕಷ್ಟ ಎಲ್ಲಿತ್ತು ಎಂಬುದೇ ತಿಳಿಯುವುದಿಲ್ಲ.

ಇದನ್ನು ತುಂಬಲು ಟರ್ನ್‌ಟೇಬಲ್ ಕೊಳ್ಳಬೇಕಿಲ್ಲ. ಎರಡು ಫೋನ್ ಸಾಕು. ಹಾಡು ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್‌ನ ‘ಅಪಾಚಿ’, 1973ರದ್ದು. ಹರ್ಕ್‌ನ ಪಾರ್ಟಿಗಳ ಅಚ್ಚುಮೆಚ್ಚು, ಹಿಪ್ ಹಾಪ್‌ನ ರಾಷ್ಟ್ರಗೀತೆ ಅಂತಲೇ ಹೆಸರಾದದ್ದು. ಮಾತುಗಳಿಲ್ಲದ ಬರೀ ವಾದ್ಯದ ಹಾಡಾದ್ದರಿಂದ ಮಕ್ಕಳ ಮುಂದೆ ಹಾಕಲು ಅಂಜಿಕೆಯಿಲ್ಲ. ಇನ್ನೂ ಅನುಕೂಲವೆಂದರೆ, ಹಾಡು ಶುರುವಾಗುವುದೇ ಡ್ರಮ್ಸ್ ಮತ್ತು ಬಾಂಗೋಗಳಿಂದ. ಬ್ರೇಕ್ ಹುಡುಕುತ್ತಾ ಹಾಡಿನ ನಡುವೆ ತಡಕಾಡಬೇಕಿಲ್ಲ, ಮೊದಲಿಗೆ ಎಳೆದರಾಯಿತು.

ಎರಡೂ ಫೋನಿಗೆ ಹಾಡನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನೆಟ್‌ನಿಂದ ನೇರ ಹಾಕಿದರೆ ನಡುವೆ ಸುತ್ತುವ ಚಕ್ರ ಬಂದು ಆಟ ಕೆಡುತ್ತದೆ, ಜಾಹೀರಾತು ಬಂದರಂತೂ ಕೇಳುವುದೇ ಬೇಡ. ಎರಡರಲ್ಲೂ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ, ಡು ನಾಟ್ ಡಿಸ್ಟರ್ಬ್ ಹಾಕಿ, ತೆರೆ ತಾನಾಗಿ ಆರದಂತೆ ನೋಡಿಕೊಳ್ಳಿ. ಎ ಫೋನ್ ಶುರು ಮಾಡಿ, ನಾಲ್ಕು ಬಾರ್, ಅಂದರೆ 16 ಎಣಿಕೆ. ಕೊನೆಯ ನಾಲ್ಕು ಎಣಿಕೆಯನ್ನು ಎಲ್ಲರೂ ಜೋರಾಗಿ ಹೇಳಬೇಕು: ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಮುಂದಿನ ‘ಒಂದು’ಕ್ಕೆ ಬಿ ಫೋನ್ ಶುರು, ಎ ನಿಲ್ಲಬೇಕು. ಬಿ ಓಡುತ್ತಿರುವಾಗ ಎ ಫೋನನ್ನು ಮೊದಲಿಗೆ ಎಳೆದು ಸಿದ್ಧವಿಡಬೇಕು. ಹಾಡಿನ ವೇಗ ನಿಮಿಷಕ್ಕೆ 110 ಎಣಿಕೆಯ ಮೇಲಿದೆ, ಹಾಗಾಗಿ 16 ಎಣಿಕೆಗೆ ಸಿಗುವುದು ಎಂಟೂವರೆ ಸೆಕೆಂಡು ಮಾತ್ರ. ಅಷ್ಟರಲ್ಲಿ ಹಿಂದಕ್ಕೆ ಎಳೆದು, ಬೆರಳು ಪ್ಲೇ ಮೇಲಿಟ್ಟು, ಎಣಿಕೆ ತಪ್ಪದೆ ಕಾಯಬೇಕು. ಇಬ್ಬರು ಮಕ್ಕಳಿದ್ದರೆ ಒಬ್ಬರಿಗೊಂದು ಫೋನ್ ಕೊಟ್ಟು ಶುರು ಮಾಡಿ, ಆಮೇಲೆ ಒಬ್ಬರೇ ಎರಡನ್ನೂ ಹಿಡಿಯಲಿ.

ತಪ್ಪುವುದು ಮೂರು ಕಡೆ. ‘ಒಂದು’ ಕೇಳಿದ ಮೇಲೆ ಒತ್ತಿದರೆ ತಡವಾಗುತ್ತದೆ. ಫೋನಿಗೂ ಎಚ್ಚರಗೊಳ್ಳಲು ಒಂದು ಚಿಟಿಕೆ ಹೊತ್ತು ಬೇಕು, ಆದ್ದರಿಂದ ಕೂದಲೆಳೆಯಷ್ಟು ಮೊದಲೇ ಒತ್ತಬೇಕು. ಎರಡು ಬೇರೆ ಬೇರೆ ಕಂಪನಿಯ ಫೋನಾದರೆ ಒಂದು ಇನ್ನೊಂದಕ್ಕಿಂತ ನಿಧಾನ. ಯಾವುದು ಎಂದು ಮೊದಲೇ ಕಂಡುಕೊಂಡು ಮಗುವಿಗೆ ಹೇಳಿಬಿಡಿ. ಮೂರನೆಯದು ಆ್ಯಪ್‌ನದು: ಕೆಲವು ಆ್ಯಪ್‌ಗಳಲ್ಲಿ ಹಾಡಿಗೂ ಹಾಡಿಗೂ ನಡುವೆ ಸದ್ದು ಮೆಲ್ಲಗೆ ಏರಿಳಿಯುವ ಕ್ರಾಸ್‌ಫೇಡ್ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡದಿದ್ದರೆ ಮೊದಲ ಪೆಟ್ಟು ಮಸುಕಾಗಬಹುದು. ನಾಲ್ಕು ಸುತ್ತು ಎಡವದೆ ಬಂದರೆ ಹಬ್ಬ. ಎಂಟು ಸುತ್ತು ಬಂದರೆ ಮನೆಯವರೆಲ್ಲ ಎದ್ದು ಕುಣಿಯುವುದು ಕಡ್ಡಾಯ ಮಾಡಿ.

ಇದಾದ ಮೇಲೆ ಲೆಕ್ಕ ಹೇಳಿದರೆ ಮಗುವಿಗೆ ರುಚಿಸುತ್ತದೆ. ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಎಂಟೂವರೆ ಸೆಕೆಂಡಿನ ಬ್ರೇಕ್ ಮತ್ತೆ ಬೇಕೆಂದರೆ ರೆಕಾರ್ಡನ್ನು ಹತ್ತಿರಹತ್ತಿರ ನಾಲ್ಕೂ ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಹರ್ಕ್ ಮುಳ್ಳನ್ನು ಎತ್ತಿ ಕಣ್ಣಳತೆಯಲ್ಲೇ ಗೀರಿನ ಮೇಲೆ ಇಡುತ್ತಿದ್ದ. ಕೆಲವು ಸಲ ಎಣಿಕೆ ತಪ್ಪುತ್ತಿತ್ತು, ಕುಣಿಯುವವರು ಅದನ್ನು ಮನ್ನಿಸುತ್ತಿದ್ದರು. ಅದನ್ನು ಸಹಿಸದವನು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಹುಡುಗ. ರೆಕಾರ್ಡಿನ ಮೇಲೆ ಮೇಣದ ಬಳಪದಿಂದ ಗುರುತು ಹಾಕಿಕೊಂಡು, ಗಡಿಯಾರದ ಮುಳ್ಳಿನ ಹಾಗೆ ಆ ಗುರುತು ಎಷ್ಟು ಸಲ ಸುತ್ತಿತು ಎಂದು ನೋಡಿ ಅಷ್ಟೇ ಹಿಂದಕ್ಕೆ ತರುತ್ತಿದ್ದ. ಮುಂದೆ ಹಾಕಬೇಕಾದ ರೆಕಾರ್ಡನ್ನು ಜನಕ್ಕೆ ಕೇಳಿಸದಂತೆ ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವ ಸ್ವಿಚ್ಚನ್ನೂ ಜೋಡಿಸಿಕೊಂಡ. ರೆಕಾರ್ಡಿನ ಕೆಳಗೆ ಜಾರುವಂಥ ಬಟ್ಟೆಯ ಬಿಲ್ಲೆ ಇಟ್ಟದ್ದು, ಕೈ ಹಿಡಿದರೂ ಕೆಳಗಿನ ತಟ್ಟೆ ತಿರುಗುತ್ತಲೇ ಇರಲಿ ಎಂದು. ಕೆಳಗೊಂದು ಸ್ಟೀಲ್ ತಟ್ಟೆ, ಮೇಲೊಂದು ಹಳೆಯ ಸಿ.ಡಿ., ನಡುವೆ ಒಂದು ತುಂಡು ಫೆಲ್ಟ್ ಬಟ್ಟೆ ಇಟ್ಟು ಇದನ್ನು ಅಡುಗೆಮನೆ ಕಟ್ಟೆಯ ಮೇಲೇ ತೋರಿಸಬಹುದು.

ಇಷ್ಟಾದ ಮೇಲೂ ನಿಜವಾದ ಟರ್ನ್‌ಟೇಬಲ್ ಬೇಕೇ ಬೇಕು ಎಂದು ಮಗು ಹಟ ಹಿಡಿದರೆ, ಅಂದಕ್ಕೆ ಮಾರುವ ಸೂಟ್‌ಕೇಸ್ ಮಾದರಿಯ ಪ್ಲೇಯರ್ ತರಬೇಡಿ. ಅವುಗಳಲ್ಲಿ ತಟ್ಟೆಯನ್ನು ತಿರುಗಿಸುವುದು ರಬ್ಬರ್ ಬೆಲ್ಟ್. ಹಿಂದೆ-ಮುಂದೆ ಎಳೆದಾಡಿದರೆ ಬೆಲ್ಟ್ ಸಡಿಲವಾಗುತ್ತದೆ, ಮುಳ್ಳು ಗೀರಿನಿಂದ ಹಾರುತ್ತದೆ, ರೆಕಾರ್ಡೂ ಹಾಳು. ಡಿಜೆಗಳು ಬಳಸುವುದು ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್ ಯಂತ್ರ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಅವರ ಮನೆಮಾತಾದದ್ದು ಇದಕ್ಕೇ.

ಡೂಡಲ್ ಹೇಳುವ ಇತಿಹಾಸದ ಬಗ್ಗೆ ಎರಡು ತಕರಾರಿದೆ. ಮೊದಲನೆಯದು ಸಿಂಡಿ ಕ್ಯಾಂಪ್‌ಬೆಲ್. ಡೂಡಲ್ ಜೊತೆಗಿನ ಪರಿಚಯ ಬರಹದಲ್ಲಿ ಶಾಲೆ ತೆರೆಯುವ ಮುಂಚಿನ ಪಾರ್ಟಿ ಕೊಟ್ಟವನು 18ರ ಹರೆಯದ ಹರ್ಕ್. ಪಾರ್ಟಿಯನ್ನು ಯೋಚಿಸಿ, ಏರ್ಪಾಡು ಮಾಡಿದ್ದು ಅವನ ತಂಗಿ ಸಿಂಡಿ. ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು. ಅದಕ್ಕೆ ರೂಮು ಬಾಡಿಗೆಗೆ ಹಿಡಿದು, ಕೈಬರಹದ ಕಾರ್ಡುಗಳಲ್ಲಿ ಆಹ್ವಾನ ಬರೆದು, ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶದರ ಇಟ್ಟರು. ಡಿಜೆ ಹೊರಗಿನಿಂದ ಕರೆಸುವುದೇನು, ಮನೆಯಲ್ಲೇ ಅಣ್ಣ ಇದ್ದ. ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ಕಥೆಯನ್ನು ಸಿಂಡಿಯಿಂದ ಶುರು ಮಾಡಿ ಹೇಳಿ. ಬಟ್ಟೆಗೆ ದುಡ್ಡು ಬೇಕಿತ್ತು ಎಂಬುದು ಯಾವ ಊರಿನ ಮಗುವಿಗಾದರೂ ಅರ್ಥವಾಗುವ ಕಾರಣ.

ಎರಡನೆಯದು ‘ಹುಟ್ಟಿದ ದಿನ’ದ ಮಾತು. ಒಂದು ಕಲೆಗೆ ಜನ್ಮದಿನ ಇಟ್ಟರೆ ಕೇಕು ಕತ್ತರಿಸಲು ಅನುಕೂಲ, ಅಷ್ಟೇ. ಎರಡು ರೆಕಾರ್ಡಿನ ತಂತ್ರ ಒಂದೇ ರಾತ್ರಿಯಲ್ಲಿ ಪೂರ್ತಿ ಮೂಡಿದ್ದಲ್ಲ, ಮುಂದಿನ ಪಾರ್ಟಿಗಳಲ್ಲಿ ಕುಣಿಯುವವರನ್ನು ಗಮನಿಸುತ್ತಾ ಹರ್ಕ್ ಅದನ್ನು ಹದಗೊಳಿಸಿದ. ಅವನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸ್‌ಗೆ ಬಂದವನು. ಬೀದಿಯಲ್ಲಿ ದೊಡ್ಡ ಸ್ಪೀಕರ್ ಕಟ್ಟಿ ಜನ ಸೇರಿಸುವ ಸೌಂಡ್ ಸಿಸ್ಟಮ್, ರೆಕಾರ್ಡ್ ಮೇಲೆ ಲಯಬದ್ಧವಾಗಿ ಮಾತಾಡುವುದು, ಇವೆಲ್ಲ ಜಮೈಕಾದಲ್ಲಿ ಆಗಲೇ ಇದ್ದವು. ಗೋಡೆಯ ಮೇಲೆ ಹೆಸರು ಬರೆಯುವ ಗ್ರಾಫಿಟಿ 1960ರ ದಶಕದಲ್ಲೇ ಫಿಲಡೆಲ್ಫಿಯಾದಲ್ಲಿತ್ತು. ಇನ್ನು ಬ್ರಾಂಕ್ಸ್: ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ಬಡಾವಣೆಗಳನ್ನು ಸೀಳಿಕೊಂಡು ಹೋದ ಮೇಲೆ ಸಾವಿರಾರು ಮನೆಗಳು ತೆರವಾದವು, 1970ರ ದಶಕದಲ್ಲಿ ಕಟ್ಟಡದ ಮೇಲೆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಡೂಡಲ್‌ನ ಬಣ್ಣ ಬಣ್ಣದ ಬೀದಿಯಲ್ಲಿ ಈ ಹೊಗೆ ಕಾಣುವುದಿಲ್ಲ. ಹತ್ತು ದಾಟಿದ ಮಕ್ಕಳಿಗೆ ಆ ಕಾಲದ ಬ್ರಾಂಕ್ಸ್‌ನ ಎರಡು ಫೋಟೊ ತೋರಿಸಿ ಇಷ್ಟು ಹೇಳಬಹುದು. ಅದಕ್ಕಿಂತ ಚಿಕ್ಕವರಿಗೆ ಸಿಂಡಿಯ ಬಟ್ಟೆಯ ಕಥೆಯೇ ಸಾಕು. 1520 ಸೆಡ್ಜ್‌ವಿಕ್ ಕಟ್ಟಡ ಇಂದಿಗೂ ನಿಂತಿದೆ, ಆ ರಸ್ತೆಗೆ ಹಿಪ್ ಹಾಪ್ ಬುಲೆವಾರ್ಡ್ ಎಂಬ ಫಲಕವಿದೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ಕನ್ನಡದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಅಲ್ಲಿ ಜನ ವಾಸವಿದ್ದಾರೆ, ಹೊರಗಿನಿಂದ ನೋಡಿ ಬರಬೇಕು.

ಹಿಪ್ ಹಾಪ್‌ಗೆ ಡಿಜೆ, ಎಂಸಿ (ಮೈಕ್ ಹಿಡಿದು ಲಯಕ್ಕೆ ಮಾತಾಡುವವರು), ಬ್ರೇಕಿಂಗ್ (ಕುಣಿತ), ಗ್ರಾಫಿಟಿ ಎಂದು ನಾಲ್ಕು ಅಂಗ ಎಣಿಸುತ್ತಾರೆ. ಡೂಡಲ್ ಮಗುವಿನ ಕೈಯಿಂದ ಮಾಡಿಸುವುದು ಮೊದಲನೆಯದನ್ನು ಮಾತ್ರ. ಉಳಿದ ಮೂರಕ್ಕೆ ಡೂಡಲನ್ನು ಹಿನ್ನೆಲೆ ಸಂಗೀತವಾಗಿ ಬಳಸಿಕೊಳ್ಳಿ. ಒಂದು ತುಣುಕು ತಾನಾಗಿ ಸುತ್ತುತ್ತಲೇ ಇರುತ್ತದೆ ಎಂಬ ದೋಷ ಇಲ್ಲಿ ವರವಾಗುತ್ತದೆ.

ಎಂಸಿಯ ಕೆಲಸದಲ್ಲಿ ಕನ್ನಡಕ್ಕೆ ಒಂದು ಸುಲಭ ಬಲೆ ಇದೆ. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬೀಳುತ್ತದೆ, ರ‍್ಯಾಪ್‌ನದು ಹೆಚ್ಚಾಗಿ ಸಾಲಿನ ಕೊನೆಯಲ್ಲಿ, ನಾಲ್ಕನೇ ಎಣಿಕೆಗೆ. ಕನ್ನಡದ ವಾಕ್ಯ ಕ್ರಿಯಾಪದದಿಂದ ಮುಗಿಯುವುದರಿಂದ ಮಕ್ಕಳು ‘ಶಾಲೆಗೆ ಹೋಗ್ತೀನಿ, ಚಿತ್ರಾನ್ನ ತಿಂತೀನಿ, ಕ್ರಿಕೆಟ್ ಆಡ್ತೀನಿ’ ಎಂದು ನಲವತ್ತು ಸಾಲು ಹೊಸೆದುಬಿಡುತ್ತಾರೆ. ಪ್ರಾಸವೇನೋ ಇದೆ, ಆದರೆ ಅದು ವ್ಯಾಕರಣ ಕೊಟ್ಟ ಬಿಟ್ಟಿ ಪ್ರಾಸ. ಕ್ರಿಯಾಪದದಿಂದ ಸಾಲು ಮುಗಿಸುವಂತಿಲ್ಲ ಎಂದು ಒಂದು ನಿಯಮ ಹಾಕಿ. ‘ಡಬ್ಬಿ ತೆಗೆದ್ರೆ ಘಮ್ಮಂತು ಚಿತ್ರಾನ್ನ, ಪಕ್ಕದ ಬೆಂಚು ಕೇಳ್ತು ನನ್ನ ಪಾಲನ್ನ’ ಎಂಬಂಥದ್ದು ಹೊರಬರುತ್ತದೆ. ನಾಲ್ಕೇ ಸಾಲು ಸಾಕು. ನಿಮಿಷಕ್ಕೆ 85-90 ಎಣಿಕೆಯ ನಿಧಾನದ ಲಯ ಇರಲಿ, ವೇಗದ ಡ್ರಮ್ಸ್ ಮೇಲೆ ಮಕ್ಕಳ ಉಸಿರು ಸಾಲುವುದಿಲ್ಲ. ಅಷ್ಟೂ ಬರೆಯಲಾರದ ಪುಟ್ಟವರು ಕೋಕ್ ಲಾ ರಾಕ್ ಮಾಡಿದ್ದನ್ನೇ ಮಾಡಲಿ: ಬಂದಿರುವ ಗೆಳೆಯರ ಹೆಸರನ್ನು ಲಯಕ್ಕೆ ಸರಿಯಾಗಿ ಕೂಗುವುದು.

ಬ್ರೇಕಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇತ್ತು. ಜಪಾನಿನ ಅಮಿ, ಕೆನಡಾದ ಫಿಲ್ ವಿಝರ್ಡ್ ಚಿನ್ನ ಗೆದ್ದರು. ಅದರ ವಿಡಿಯೊ ನೋಡಿದ ಮಗು ಮೊದಲು ಕೇಳುವುದೇ ತಲೆಯ ಮೇಲೆ ತಿರುಗುವುದನ್ನು. ಬೇಡ ಎಂದು ಖಡಾಖಂಡಿತವಾಗಿ ಹೇಳಿ, ಕುತ್ತಿಗೆಯ ವಿಷಯ ಇದು. ನಿಂತು ಹಾಕುವ ಟಾಪ್‌ರಾಕ್ ಹೆಜ್ಜೆಗಳು, ಆಮೇಲೆ ಕೈಯೂರಿ ಕಾಲು ಸುತ್ತಿಸುವ ಸಿಕ್ಸ್ ಸ್ಟೆಪ್, ಮನೆಯಲ್ಲಿ ಇಷ್ಟೇ. ಮೊದಲು ಮಣಿಕಟ್ಟನ್ನು ಎರಡು ಮೂರು ನಿಮಿಷ ತಿರುಗಿಸಿ ಬಿಸಿ ಮಾಡಿಕೊಳ್ಳಬೇಕು. ಗ್ರಾನೈಟ್ ನೆಲದ ಮೇಲೆ ಸಾಕ್ಸ್ ಹಾಕಿ ಮಾಡಿದರೆ ಜಾರುತ್ತಾರೆ. ಹಾಸಿಗೆ ಅಥವಾ ದಪ್ಪ ಮ್ಯಾಟ್ ಮೇಲಾದರೆ ಅಂಗೈ ಹೂತು ಮಣಿಕಟ್ಟು ಹೆಚ್ಚು ಬಾಗುತ್ತದೆ. ಹಿಡಿತವಿರುವ ಬೂಟು, ಒಣಗಿದ ಗಟ್ಟಿ ನೆಲ ಸರಿ. ಹೆಜ್ಜೆ ಆರು, ಬಾರ್ ನಾಲ್ಕು ಎಣಿಕೆಯದು, ಆದ್ದರಿಂದ ಎಣಿಕೆಗೊಂದು ಹೆಜ್ಜೆ ಹಾಕಿದರೆ ಎರಡು ಸುತ್ತು ಮುಗಿದಾಗ ಮೂರು ಬಾರ್ ಆಗಿ ಮತ್ತೆ ‘ಒಂದು’ ಕೂಡಿಕೊಳ್ಳುತ್ತದೆ. ಇದನ್ನು ಹೇಳದಿದ್ದರೆ ಮೊದಲ ಸುತ್ತಿಗೇ ತಾಳ ತಪ್ಪಿತೆಂದು ಮಕ್ಕಳು ನಿಂತುಬಿಡುತ್ತಾರೆ.

ಗ್ರಾಫಿಟಿಗೆ ಎ3 ಹಾಳೆ, ಪೆನ್ಸಿಲ್, ಬಣ್ಣದ ಸ್ಕೆಚ್ ಪೆನ್ನು, ಕೊನೆಗೆ ಕಪ್ಪು ಮಾರ್ಕರ್. ಮಗು ತನ್ನ ಹೆಸರಿನ ಅಸ್ಥಿಪಂಜರವನ್ನು ಪೆನ್ಸಿಲ್‌ನಲ್ಲಿ ಬರೆದು, ಅದರ ಸುತ್ತ ದಪ್ಪ ಮೈ ಕಟ್ಟಿ, ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ತುಂಬುತ್ತಾ ಹೋಗಿ, ಎಲ್ಲ ಮುಗಿದ ಮೇಲೆ ಕಪ್ಪು ಗೆರೆ ಎಳೆಯಬೇಕು. ಕಪ್ಪನ್ನು ಮೊದಲೇ ಎಳೆದರೆ ಮೇಲೆ ಬಣ್ಣ ಹಚ್ಚುವಾಗ ಕಪ್ಪು ಹರಡಿ ಎಲ್ಲ ಕೊಳೆಯಾಗುತ್ತದೆ. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಬಿಡಿ, ಇಲ್ಲವಾದರೆ ‘ಕೃಷ್ಣ’ನ ಣಕಾರ ಹಾಳೆಯಿಂದ ಕೆಳಗೆ ಬೀಳುತ್ತದೆ. ನ್ಯೂಯಾರ್ಕಿನಲ್ಲಿ ರೈಲಿನ ಮೇಲೆ ಹೀಗೆ ಬರೆಯುವುದು ಅಪರಾಧವೇ ಆಗಿತ್ತು, 1989ರ ಮೇ ಹೊತ್ತಿಗೆ ಅಂಥ ಕೊನೆಯ ಬೋಗಿಯನ್ನೂ ಓಡಾಟದಿಂದ ತೆಗೆದರು ಎಂಬುದನ್ನು ಮುಚ್ಚಿಡಬೇಡಿ. ಕಾಂಪೌಂಡ್ ಗೋಡೆ ಯಾರದು ಎಂಬ ಪ್ರಶ್ನೆ ಹೇಗೂ ಏಳುತ್ತದೆ.

ಡೂಡಲ್ ಮುಗಿಸಿ ಹಾಡು ಕೇಳಿಸಲು ಹೊರಟಾಗ ಎಚ್ಚರ ಬೇಕು. 1979ರ ‘ರ‍್ಯಾಪರ್ಸ್ ಡಿಲೈಟ್’ ಹೆಸರಾಂತದ್ದೇ, ಆದರೆ ಅದರ ಉದ್ದನೆಯ ಆವೃತ್ತಿಯಲ್ಲಿ ದೊಡ್ಡವರ ಮಾತುಗಳಿವೆ. 1982ರ ‘ದ ಮೆಸೇಜ್’ ಬ್ರಾಂಕ್ಸ್‌ನ ಬದುಕನ್ನು ನೇರವಾಗಿ ಹೇಳುವ ಹಾಡು, ಹದಿಮೂರರ ಮೇಲಿನವರಿಗೆ, ಅದೂ ಜೊತೆಯಲ್ಲಿ ಕೂತು. ಚಿಕ್ಕವರಿಗೆ 1980ರ ಕರ್ಟಿಸ್ ಬ್ಲೋನ ‘ದ ಬ್ರೇಕ್ಸ್’ ಒಳ್ಳೆಯ ಬಾಗಿಲು, ಕೂಗಿಗೆ ಕೂಗು ಕೊಡುವ ಜಾಗಗಳಿವೆ, ಡ್ರಮ್ಸ್ ಒಂಟಿಯಾಗುವ ಜಾಗಗಳನ್ನು ಮಗುವೇ ಕೈಯೆತ್ತಿ ಗುರುತಿಸಬಹುದು. ಆಟೋಪ್ಲೇ ಆಫ್ ಮಾಡಿಯೇ ಹಾಕಿ, ಮುಂದಿನ ಹಾಡು ಯಾವುದೆಂದು ಆ್ಯಪ್ ತೀರ್ಮಾನಿಸುವಂತಾಗಬಾರದು. ನಮ್ಮಲ್ಲಿ ಇಲ್ವಾ ಎಂದು ಮಗು ಕೇಳಿದರೆ ಬೆಂಗಳೂರಿನ ಬ್ರೋಧಾ ವಿ, ಕನ್ನಡದಲ್ಲಾದರೆ ಆಲ್ ಓಕೆ ಎಂದು ಹೆಸರು ಹೇಳಬಹುದು. ಆದರೆ ಕನ್ನಡ ರ‍್ಯಾಪ್ ಹಾಡನ್ನು ಇಂಗ್ಲಿಷಿನದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ಮೊದಲೇ ಕೇಳಿ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಕಿವಿ ತಪ್ಪಿಸಿ ಹೋಗುವ ಮಾತು ಕನ್ನಡದಲ್ಲಿ ಒಂದೂ ತಪ್ಪಿಸಿಕೊಳ್ಳುವುದಿಲ್ಲ, ಮಾರನೆಯ ದಿನ ಶಾಲೆಯಲ್ಲಿ ಅದೇ ಸಾಲು ಲಯ ಸಮೇತ ಮೊಳಗುತ್ತದೆ.